ಮಗಳಿಗೊಂದು ಪತ್ರ: ಬೆಂಗಳೂರಿನ ಫ್ಲ್ಯಾಟಿಗೆ ಕರಾವಳಿಯ ಮನೆ

ಪ್ರೀತಿಯ ಮಗಳಿಗೆ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಫೋಟೋಗಳನ್ನೆಲ್ಲ ನೋಡಿದೆ. ಹೊಸ ಫ್ಲ್ಯಾಟಿನ ಹಾಲನ್ನು 'ಬೀಚ್ ಸ್ಟೈಲ್' ಮಾಡಿಸಬೇಕು ಅಂತ ಬರೆದಿದ್ದೀಯ. ಗೋಡೆಗೆ ನೀಲಿ-ಬಿಳಿ ಪಟ್ಟಿ, ಹಡಗಿನ ಚಕ್ರ, ಲಂಗರು, ಒಣಗಿಸಿದ ನಕ್ಷತ್ರ ಮೀನು, ಗಾಜಿನ ಬಾಟಲಿಯಲ್ಲಿ ಮರಳು. ಇಂಟೀರಿಯರ್‌ನವರು ಕೊಟ್ಟ ಎಸ್ಟಿಮೇಟನ್ನೂ ನೋಡಿದೆ. ಇದನ್ನೆಲ್ಲ ಫೋನಿನಲ್ಲಿ ಮಾತಾಡಲು ಹೋದರೆ ಅರ್ಧಕ್ಕೇ ನಿಲ್ಲುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ನಿನಗೆ ಕಡಲಿನ ಬದಿಯ ಮನೆಯ ಹಾಗೆ ಇರಬೇಕು ಅನ್ನಿಸಿದ್ದು ನನಗೆ ತುಂಬಾ ಖುಷಿ ಕೊಟ್ಟಿತು. ಕುಂದಾಪುರದಲ್ಲಿ ಹುಟ್ಟಿ ಬೆಳೆದವಳು ನೀನು. ಆದರೆ ಮಗಾ, ಆ ಫೋಟೋಗಳಲ್ಲಿರುವುದು ನಮ್ಮ ಕಡಲು ಅಲ್ಲ. ನೀಲಿ-ಬಿಳಿ ಪಟ್ಟಿ ಫ್ರಾನ್ಸ್ ನೌಕಾಪಡೆಯ ನಾವಿಕರ ಅಂಗಿಯಿಂದ ಬಂದದ್ದು. 1858ರಲ್ಲಿ ಅಲ್ಲಿನ ಸರ್ಕಾರ ಅದನ್ನು ಸಮವಸ್ತ್ರ ಮಾಡಿತು. ಆಮೇಲೆ ಅದು ಫ್ಯಾಷನ್ ಆಯಿತು, ದಿಂಬು-ಪರದೆಗೂ ಹತ್ತಿತು. ಬಿಳಿ ಸೋಫಾ, ಬಣ್ಣ ಮಾಸಿದ ಮರ, ಲಿನನ್ ಬಟ್ಟೆ ಇರುವ ಮನೆಗಳು ನ್ಯೂಯಾರ್ಕ್ ಹತ್ತಿರದ ಹ್ಯಾಂಪ್ಟನ್ಸ್ ಕಡೆಯವು. ಅಲ್ಲಿನವರಿಗೆ ಅವು ಬೇಸಿಗೆ ರಜೆಯ ಮನೆಗಳು. ಅಲ್ಲಿಯ ಬಿಸಿಲಿಗೆ, ಅಲ್ಲಿಯ ಮರಕ್ಕೆ ಅದು ಚೆಂದ. ನಾನು ಅದನ್ನು ಹೀಗಳೆಯುತ್ತಿಲ್ಲ. ಆದರೆ ನಿನ್ನ ಮನಸ್ಸಿನಲ್ಲಿರುವ ಕಡಲು ಅದಲ್ಲ, ಅಲ್ವಾ?

ನಮ್ಮಲ್ಲಿ ಕಡಲ ಬದಿಯ ಮನೆಯ ರೂಪ ಮಾಡಿದ್ದು ಮಳೆ ಮತ್ತು ಸೆಖೆ. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ. ಅದಕ್ಕೇ ಇಳಿಜಾರಾದ ಮಾಡು, ಗೋಡೆಯಿಂದ ಎಷ್ಟೋ ಮುಂದೆ ಬಂದ ಸೂರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಮುಳಿಹುಲ್ಲಿನ ಮಾಡು ನಿಧಾನಕ್ಕೆ ಹೆಂಚಿನ ಮಾಡಾಯಿತು. ಹೆಂಚಿನ ಸಂದಿಯಿಂದ ಬಿಸಿ ಗಾಳಿ ಮೇಲೆ ಹೋಗುತ್ತದೆ, ಕೆಳಗೆ ಚಾವಡಿ ತಂಪಾಗಿರುತ್ತದೆ. ಒಳಗೆ ಸಾಮಾನು ಕಡಿಮೆ. ಮಳೆಗಾಲದಲ್ಲಿ ಏನಿಟ್ಟರೂ ಬೂಷ್ಟು ಹಿಡಿಯುತ್ತದೆ ಅನ್ನುವುದು ಎಲ್ಲರಿಗೂ ಗೊತ್ತು. ಹಾಗಾಗಿ ಬೇಕಾದಷ್ಟೇ ಇಡುತ್ತಾರೆ. ನಮ್ಮ ಮನೆಗಳಲ್ಲಿ ಕೂತಾಗ ಆರಾಮ ಅನ್ನಿಸುವುದು ಗಾಳಿಗೆ ಜಾಗ ಬಿಟ್ಟಿರುವುದರಿಂದ, ನೆಲ ಖಾಲಿ ಇರುವುದರಿಂದ, ಬೆಳಕು ಒಂದೇ ಕಡೆಯಿಂದ ಮೆಲ್ಲಗೆ ಬರುವುದರಿಂದ. ನಿನ್ನ ಫ್ಲ್ಯಾಟಿನಲ್ಲೂ ಅಲ್ಲಿಂದಲೇ ಶುರು ಮಾಡು ಅಂತ ನನ್ನ ಮಾತು. ಗೋಡೆಗೆ ಏನು ತೂಗುಹಾಕುವುದು ಅನ್ನುವುದು ಕೊನೆಗೆ.

ಮೊದಲು ಗೋಡೆ. ಊರಿನಲ್ಲಿ ಇಷ್ಟು ಮನೆ ಕಟ್ಟಿಸಿದವನಾಗಿ ಹೇಳುತ್ತೇನೆ, ಸುಣ್ಣದ ಬಿಳಿಗೆ ಸರಿಸಾಟಿ ಬೇರೆ ಬಿಳಿ ಇಲ್ಲ. ನಮ್ಮ ಕಡೆ ಹೊಳೆಯ ಚಿಪ್ಪನ್ನು ಸುಟ್ಟು ಸುಣ್ಣ ಮಾಡುತ್ತಿದ್ದರು. ನೀರಿಗೆ ಹಾಕಿ ಅರಳಿಸಿ, ಸೋಸಿ, ಒಂದು ಚಿಟಿಕೆ ಬಟ್ಟೆಗೆ ಹಾಕುವ ನೀಲಿ ಸೇರಿಸಿ ಬಳಿಯುತ್ತಿದ್ದರು. ಆ ಗೋಡೆ ಹೊಳೆಯುವುದಿಲ್ಲ, ಬೆಳಕನ್ನು ಮೃದು ಮಾಡಿ ಹಿಂದಕ್ಕೆ ಕೊಡುತ್ತದೆ. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಮತ್ತೆ ಕಲ್ಲಾಗುತ್ತದೆ. ಅದರಲ್ಲಿ ಕ್ಷಾರ ಜಾಸ್ತಿ, ಹಾಗಾಗಿ ಬೂಷ್ಟು ಬೇಗ ಹತ್ತುವುದಿಲ್ಲ. ಗೋಡೆಯೊಳಗಿನ ತೇವ ಹೊರಗೆ ಹೋಗಲೂ ದಾರಿ ಇರುತ್ತದೆ.

ಆದರೆ ಒಂದು ಎಚ್ಚರಿಕೆ. ನಿನ್ನ ಗೋಡೆಗೆ ಬಿಲ್ಡರ್ ಆಗಲೇ ವಾಲ್ ಪುಟ್ಟಿ ಎಳೆದು ಎಮಲ್ಷನ್ ಪೇಂಟ್ ಹೊಡೆಸಿದ್ದಾನೆ. ಅದರ ಮೇಲೆ ಸುಣ್ಣ ನಿಲ್ಲುವುದಿಲ್ಲ, ಚಕ್ಕೆ ಚಕ್ಕೆಯಾಗಿ ಏಳುತ್ತದೆ. ನಿಜವಾದ ಸುಣ್ಣವೇ ಬೇಕು ಅಂದರೆ ಒಂದೇ ಒಂದು ಗೋಡೆಯನ್ನು ಗಾರೆಯವರೆಗೆ ಕೆರೆಸಿ ಬಳಿಸು. ಸೋಫಾ ಹಿಂದಿನ ಗೋಡೆ ಬೇಡ, ಬೆನ್ನಿಗೆ ಹತ್ತುತ್ತದೆ. ಬಾಲ್ಕನಿ ಎದುರಿನದು ಸರಿ. ಉಳಿದ ಗೋಡೆಗಳಿಗೆ ಹೊಳಪಿಲ್ಲದ ಮ್ಯಾಟ್ ಪೇಂಟ್ ಸಾಕು. ಅಚ್ಚ ಬಿಳಿ ಬೇಡ, ಸ್ವಲ್ಪ ಹಾಲಿನ ಕೆನೆಯ ಕಡೆಗೆ ಇರಲಿ.

ಬಣ್ಣದ ಮಾತು ಬಂತು. ನೀಲಿ ಇಲ್ಲದೆ ಕಡಲು ಹೇಗೆ ಅಂತ ನೀನು ಕೇಳುತ್ತೀಯ. ಆಷಾಢದಲ್ಲಿ ನಮ್ಮ ಮರವಂತೆ ಕಡಲು ಯಾವ ಬಣ್ಣ ಅಂತ ನೆನಪು ಮಾಡಿಕೋ. ಬೂದಿ, ಕಂದು, ಮೇಲೆ ಬಿಳಿ ನೊರೆ. ನೀಲಿ ಕಾಣುವುದು ಮಳೆ ಹೋದ ಮೇಲೆ. ಕರಾವಳಿಯ ಮನೆಗಳ ಬಣ್ಣ ಮೊದಲಿನಿಂದಲೂ ಸುಣ್ಣದ ಬಿಳಿ ಮತ್ತು ಕಾವಿಯ ಕೆಂಪು. ಉತ್ತರ ಕನ್ನಡ, ಗೋವಾ ಕಡೆಯ ಹಳೇ ದೇವಸ್ಥಾನಗಳ ಗೋಡೆ ಮೇಲಿನ ಕಾವಿ ಕಲೆಯನ್ನು ನೀನು ನೋಡಿದ್ದೀಯ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಕಾವಿಮಣ್ಣಿನ ಲೇಪ ಕೊಡುತ್ತಾರೆ. ಅದು ಪೂರ್ತಿ ಒಣಗುವ ಮೊದಲೇ ಚೂಪಾದ ಕಡ್ಡಿಯಲ್ಲಿ ಗೀರಿ, ಬೇಡದ ಕೆಂಪನ್ನು ಕೆರೆದು ತೆಗೆಯುತ್ತಾರೆ. ಒಳಗಿನ ಬಿಳಿ ಎದ್ದು ಕಾಣುತ್ತದೆ. ಹೂವು, ಬಳ್ಳಿ, ವೃತ್ತ, ದೇವರು, ಎಲ್ಲವೂ ಎರಡೇ ಬಣ್ಣದಲ್ಲಿ. ಈಗಲೂ ಇದನ್ನು ಮಾಡುವ ಕಲಾವಿದರು ಇದ್ದಾರೆ. ಲಂಗರು, ಹಡಗಿನ ಚಕ್ರಕ್ಕೆ ಕೊಡುವ ದುಡ್ಡಿನಲ್ಲಿ ಒಂದು ಹಲಗೆಯ ಮೇಲೆ ಸಣ್ಣ ಕಾವಿ ಚಿತ್ರ ಮಾಡಿಸು. ಹಾಲಿನಲ್ಲಿ ಅದೊಂದೇ ಇರಲಿ. ಪಕ್ಕದಲ್ಲಿ ಇನ್ನೇನೂ ಬೇಡ.

ನೀಲಿಯನ್ನು ಪೂರ್ತಿ ಬಿಡು ಅಂತಲ್ಲ. ಒಂದು ಹೂಜಿ, ಒಂದು ಹೊದಿಕೆ, ಅಷ್ಟರಲ್ಲಿ ನೀಲಿ ಚೆನ್ನಾಗಿರುತ್ತದೆ.

ನೆಲದ ವಿಷಯದಲ್ಲಿ ನನ್ನ ಮಾತು ಗಟ್ಟಿ: ಟೈಲ್ ಒಡೆಸಬೇಡ. ನಮ್ಮ ಮನೆಯ ಹಾಗೆ ಕೆಂಪು ರೆಡ್ ಆಕ್ಸೈಡ್ ನೆಲ ಬೇಕು ಅಂತ ನಿನಗೆ ಆಸೆ ಅಂತ ಅಮ್ಮ ಹೇಳಿದಳು. ಆ ನೆಲಕ್ಕೆ ಕೈ ಪಳಗಿದ ಮೇಸ್ತ್ರಿ ಬೇಕು. ಒಂದೇ ದಿನದಲ್ಲಿ ಎಳೆದು, ಕರಣೆಯಲ್ಲಿ ಉಜ್ಜಿ ಉಜ್ಜಿ ನುಣುಪು ಮಾಡಬೇಕು. ಆಮೇಲೆ ದಿನಗಟ್ಟಲೆ ನೀರು ನಿಲ್ಲಿಸಿ ಕ್ಯೂರಿಂಗ್ ಮಾಡಬೇಕು. ಮೇಲಿನ ಮಹಡಿಯ ಫ್ಲ್ಯಾಟಿನಲ್ಲಿ ಹಾಗೆ ನೀರು ನಿಲ್ಲಿಸಿದರೆ ಕೆಳಗಿನ ಮನೆಯವರ ಚಾವಣಿಗೆ ಇಳಿಯುತ್ತದೆ. ಅವಸರದಲ್ಲಿ ಮಾಡಿದರೆ ಬಿರುಕು ಬಿಡುತ್ತದೆ. ಇರುವ ಟೈಲನ್ನು ಹಾಗೇ ಬಿಟ್ಟು ಮೇಲೆ ಚಾಪೆ ಹಾಸು.

ಚಾಪೆ ಅಂದರೆ ಪ್ಲಾಸ್ಟಿಕ್ಕಿನದು ಅಲ್ಲ. ಕೇದಗೆ ಜಾತಿಯ ಗಿಡದ ಓಲೆಯಿಂದ ಹೆಣೆದದ್ದು. ಎಲೆಯ ಎರಡು ಅಂಚಿನಲ್ಲೂ, ನಡುವಿನ ದಿಂಡಿನಲ್ಲೂ ಮುಳ್ಳಿರುತ್ತದೆ. ಅದನ್ನು ಸೀಳಿ ತೆಗೆದು, ಓಲೆ ಹದ ಮಾಡಿ, ಒಣಗಿಸಿ, ಉದ್ದಕ್ಕೆ ಸೀಳಿ ಹೆಣೆಯುತ್ತಾರೆ. ಇದು ಹೆಚ್ಚಾಗಿ ಹೆಂಗಸರ ಕೈಕೆಲಸ, ತುಂಬಾ ತಾಳ್ಮೆಯ ಕೆಲಸ. ಹೊಸತರಲ್ಲಿ ತಿಳಿ ಹಸಿರು ಇರುತ್ತದೆ, ಆಮೇಲೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮಧ್ಯಾಹ್ನ ಅದರ ಮೇಲೆ ಮಲಗಿದರೆ ಬೆನ್ನು ತಂಪಾಗುತ್ತದೆ. ದಪ್ಪ ಕಾರ್ಪೆಟ್ಟಿನಲ್ಲಿ ಆ ಸುಖ ಇಲ್ಲ, ಧೂಳು ಬೇರೆ ಕೂರುತ್ತದೆ. ವಾರಕ್ಕೊಮ್ಮೆ ಕೊಡವಿ ನೆರಳಿನಲ್ಲಿ ಹರಡು. ಬಿಸಿಲಿಗೆ ಹಾಕಿದರೆ ಓಲೆ ಮುರಿಯುತ್ತದೆ. ಬಾಗಿಲಿಗೆ ತೆಂಗಿನ ನಾರಿನ ಕಾಲೊರಸು ಹಾಕು.

ಬುಟ್ಟಿಗಳನ್ನು ಊರಿನಿಂದಲೇ ತರೋಣ. ನಮ್ಮ ಕಡೆಯ ಕೊರಗ ಸಮುದಾಯದವರು ಕಾಡಿನ ಬಳ್ಳಿ, ಬಿದಿರು, ಬೆತ್ತದಲ್ಲಿ ಹೆಣೆಯುವ ಬುಟ್ಟಿಯ ಗಟ್ಟಿತನ ಅಂಗಡಿಯ ಮಾಲಿನಲ್ಲಿಲ್ಲ. ಬಟ್ಟೆ ಹಾಕಲು, ಪುಸ್ತಕ ಇಡಲು, ತರಕಾರಿಗೆ, ಎಲ್ಲಕ್ಕೂ ಆಗುತ್ತದೆ. ಅವರು ಹೇಳಿದ ಬೆಲೆಗೆ ಚೌಕಾಸಿ ಮಾಡಬೇಡ. ಆ ಬಳ್ಳಿ ತರಲು ಅವರು ಎಷ್ಟು ದೂರ ನಡೆಯುತ್ತಾರೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ.

ಕುರ್ಚಿ-ಬೆಂಚಿಗೆ ಹಲಸಿನ ಮರ ನೋಡು. ಹೊಸದಾಗಿ ಕೊಯ್ದಾಗ ಹಳದಿ ಇರುತ್ತದೆ, ವರ್ಷ ಕಳೆದ ಹಾಗೆ ಕೆಂಪು ಮಿಶ್ರಿತ ಕಂದಾಗುತ್ತದೆ. ಆ ಬಣ್ಣಕ್ಕೆ ಯಾವ ಪಾಲಿಶೂ ಬೇಡ. ಹಳೇ ಮನೆ ಕೆಡವಿದಲ್ಲಿ ಸಿಗುವ ಮರವಾದರೆ ಇನ್ನೂ ಒಳ್ಳೆಯದು, ಅದು ಬಾಗುವಷ್ಟು ಬಾಗಿ, ಒಣಗುವಷ್ಟು ಒಣಗಿ ಹದಕ್ಕೆ ಬಂದಿರುತ್ತದೆ. ಬೆತ್ತದ ಕುರ್ಚಿ ತೆಗೆದುಕೊಂಡರೆ ಒಂದು ನೆನಪಿಡು. ಬೆತ್ತಕ್ಕೆ ಸ್ವಲ್ಪ ತೇವ ಬೇಕು. ಕುಂದಾಪುರದ ಗಾಳಿಯಲ್ಲಿ ಅದಕ್ಕೆ ಏನೂ ಆಗುವುದಿಲ್ಲ. ಬೆಂಗಳೂರಿನ ಫೆಬ್ರವರಿ, ಮಾರ್ಚ್ ಒಣಹವೆಗೆ ಅದು ಪೆಳುಸಾಗಿ ಸೀಳುತ್ತದೆ. ಆ ತಿಂಗಳುಗಳಲ್ಲಿ ಆಗಾಗ ಒದ್ದೆ ಬಟ್ಟೆಯಲ್ಲಿ ಒರೆಸು. ಪಶ್ಚಿಮದ ಬಿಸಿಲು ಬೀಳುವಲ್ಲಿ ಇಡಬೇಡ.

ಪರದೆಗೆ ಕೈಮಗ್ಗದ ಹತ್ತಿ. ಉಡುಪಿ ಸೀರೆ ನೇಯುವವರು ತೀರಾ ಕಡಿಮೆಯಾಗಿದ್ದರು, ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದ ಕಡೆ ಮತ್ತೆ ಮಗ್ಗದ ಸದ್ದು ಕೇಳುತ್ತಿದೆ. ಅಮ್ಮನ ಪೆಟ್ಟಿಗೆಯಲ್ಲಿ ಅಂಚು ಹರಿದ ಎರಡು ಹಳೇ ಉಡುಪಿ ಸೀರೆಗಳಿವೆ. ಅವಳೇ ಕೊಡುತ್ತೇನೆ ಅಂದಳು. ಕಿಟಕಿಗೆ ಅದಕ್ಕಿಂತ ಹಗುರವಾದದ್ದು ಸಿಗಲಿಕ್ಕಿಲ್ಲ.

ಇನ್ನು ಗಾಳಿ. ನಿನ್ನ ಹಾಲಿನ ಬಾಲ್ಕನಿ ಪಶ್ಚಿಮಕ್ಕೆ, ಅಡುಗೆಮನೆ ಕಿಟಕಿ ಪೂರ್ವಕ್ಕೆ. ಇದು ಭಾಗ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಂಗಳೂರಿಗೂ ಪಶ್ಚಿಮದ ಕಡೆಯಿಂದಲೇ ಗಾಳಿ, ನಮ್ಮ ಕಡಲ ಮೇಲಿಂದ ಬಂದದ್ದೇ. ಚಳಿಗಾಲದಲ್ಲಿ ಪೂರ್ವದಿಂದ ಬೀಸುತ್ತದೆ. ಎರಡರ ನಡುವೆ ಇಂಟೀರಿಯರ್‌ನವರು ನೆಲದಿಂದ ಚಾವಣಿವರೆಗೆ ಒಂದು ಶೋಕೇಸ್ ಬರೆದಿದ್ದಾರೆ. ಅದು ಬೇಡವೇ ಬೇಡ. ಇಡೀ ಎಸ್ಟಿಮೇಟಿನಲ್ಲಿ ನಾನು ಮೊದಲು ಹೊಡೆದುಹಾಕುವ ಸಾಲು ಅದು. ಅದರ ಜಾಗದಲ್ಲಿ ಮೊಣಕಾಲೆತ್ತರದ ಒಂದು ಉದ್ದ ಬೆಂಚು ಇಡು. ಕೂರಲೂ ಆಯಿತು, ಗಾಳಿಯೂ ಅದರ ಮೇಲಿಂದ ದಾಟುತ್ತದೆ. ಚಾವಣಿ ತುಂಬಾ ಹಾಕುವ ಬಿಳಿ ಲೈಟುಗಳೂ ಬೇಡ. ಹೆಂಚಿನ ಮನೆಯಲ್ಲಿ ಒಂದೇ ಒಂದು ಗಾಜಿನ ಹೆಂಚಿನಿಂದ ಬೆಳಕು ಬರುತ್ತದೆ, ಉಳಿದದ್ದು ನೆರಳು. ಆ ನೆರಳೇ ಕಣ್ಣಿಗೆ ಹಿತ. ಸಂಜೆಗೆ ಕೆಳಗಿಡುವ ಎರಡು ದೀಪ ಸಾಕು. ಬಲ್ಬಿನ ಡಬ್ಬದ ಮೇಲೆ 2700 ಕೆಲ್ವಿನ್ ಅಂತ ಇರುವುದನ್ನೇ ತಗೋ, ಅದು ದೀಪದ ಹಳದಿಗೆ ಹತ್ತಿರ.

ಚಿಪ್ಪು, ಹವಳ, ನಕ್ಷತ್ರ ಮೀನಿನ ಬಗ್ಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತೇನೆ. ಅಂಗಡಿಯಲ್ಲಿ ಮಾರುವ ನಕ್ಷತ್ರ ಮೀನು ತಾನಾಗಿ ಸತ್ತು ದಡಕ್ಕೆ ಬಂದದ್ದಲ್ಲ. ಜೀವ ಇರುವಾಗಲೇ ಹಿಡಿದು ಒಣಗಿಸುತ್ತಾರೆ. ಹವಳ ಮತ್ತು ಕಡಲಕುದುರೆಯನ್ನು, ಕೆಲವು ಜಾತಿಯ ದೊಡ್ಡ ಚಿಪ್ಪುಗಳನ್ನು 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ ಸೇರಿಸಿದ್ದಾರೆ. ಅವುಗಳ ವ್ಯಾಪಾರ ಅಪರಾಧ. ದಡದಲ್ಲಿ ಬಿದ್ದ ಖಾಲಿ ಚಿಪ್ಪಿಗೂ ಕೆಲಸ ಇದೆ. ಸನ್ಯಾಸಿ ಏಡಿ ಅದರೊಳಗೇ ಸಂಸಾರ ಮಾಡುತ್ತದೆ. ನೀನು ಚಿಕ್ಕವಳಿದ್ದಾಗ ಅದು ಚಿಪ್ಪನ್ನು ಹೊತ್ತು ಓಡುವುದನ್ನು ನೋಡುತ್ತಾ ಕೂತಿರುತ್ತಿದ್ದೆ. ಅದರ ಮನೆ ತೆಗೆದು ನಿನ್ನ ಮನೆ ಅಲಂಕಾರ ಮಾಡುವುದು ನನಗೆ ಮನಸ್ಸಿಗೆ ಒಪ್ಪುವುದಿಲ್ಲ. ಬಾಟಲಿಗೆ ತುಂಬುವ ಮರಳೂ ಬೇಡ.

ಉಯ್ಯಾಲೆ ಬಗ್ಗೆ ಕೇಳಿದ್ದೀಯ. ಹಾಕಬಹುದು, ಹಲಸಿನ ಹಲಗೆಯದೇ ಆಗಲಿ. ಆದರೆ ಕೊಕ್ಕೆ ಫಾಲ್ಸ್ ಸೀಲಿಂಗಿಗೆ ಹಾಕುವುದಲ್ಲ, ಕಾಂಕ್ರೀಟ್ ಸ್ಲ್ಯಾಬಿಗೋ ಬೀಮಿಗೋ ಹೋಗಬೇಕು. ತೂಗುವಾಗ ಬೀಳುವ ಭಾರ ಸುಮ್ನೆ ಕೂತಾಗಿನದಕ್ಕಿಂತ ಜಾಸ್ತಿ. ನಿಮ್ಮ ಅಪಾರ್ಟ್‌ಮೆಂಟಿನ ಇಂಜಿನಿಯರ್ ಹತ್ತಿರ ಎಲ್ಲಿ ಕಬ್ಬಿಣ ಹೋಗಿದೆ ಅಂತ ಕೇಳದೆ ಡ್ರಿಲ್ ಹಾಕಿಸಬೇಡ.

ಬಾಲ್ಕನಿಗೆ ಒಂದು ಕುಂಡದಲ್ಲಿ ಮಲ್ಲಿಗೆ, ಒಂದರಲ್ಲಿ ಅಬ್ಬಲಿಗೆ. ಮಲ್ಲಿಗೆಗೆ ಒಳ್ಳೇ ಬಿಸಿಲು ಬೇಕು, ನಿನ್ನ ಬಾಲ್ಕನಿಯಲ್ಲಿ ಮಧ್ಯಾಹ್ನದ ಮೇಲೆ ಅದು ಸಿಗುತ್ತದೆ. ನೆರಳಿನ ಮೂಲೆಗೆ ಕೆಸು. ಪತ್ರೊಡೆಗೂ ಆಗುತ್ತದೆ.

ಊರಿಗೆ ಬಂದಾಗ ಮಣಿಪಾಲದ ಹಸ್ತಶಿಲ್ಪ ಹೆರಿಟೇಜ್ ವಿಲೇಜಿಗೆ ಹೋಗೋಣ. ಬ್ಯಾಂಕ್ ನೌಕರಿಯಲ್ಲಿದ್ದ ವಿಜಯನಾಥ ಶೆಣೈ ಅವರು, ಕೆಡವಲು ಹೊರಟ ಹಳೇ ಮನೆಗಳನ್ನು ಬಿಚ್ಚಿ ತಂದು, ಕಂಬ ಕಂಬ ಸೇರಿಸಿ ಅಲ್ಲಿ ಮತ್ತೆ ನಿಲ್ಲಿಸಿದರು. ನಮ್ಮ ಕುಂದಾಪುರ ಕಡೆಯ ಹರ್ಕೂರಿನ ಒಂದು ಹಳೇ ಮನೆಯೂ ಅದರಲ್ಲಿದೆ. ಆ ಚಾವಡಿಯಲ್ಲಿ ನಿಂತು ಸುತ್ತ ನೋಡು. ಕಡಲು ಅಂತ ಎಲ್ಲೂ ಬರೆದಿಲ್ಲ. ಆದರೂ ಇದು ಕಡಲ ಸೀಮೆಯ ಮನೆ ಅಂತ ಗೊತ್ತಾಗುತ್ತದೆ. ನಿನ್ನ ಹಾಲಿನ ಕೆಲಸವನ್ನು ಅದನ್ನು ನೋಡಿದ ಮೇಲೆ ಶುರು ಮಾಡಿದರೂ ತಡವೇನಿಲ್ಲ.

ಈಗ ಆಗಬೇಕಾದದ್ದು ಇಷ್ಟು. ಬಾಲ್ಕನಿ ಬಾಗಿಲಿನ ಅಗಲ, ಎತ್ತರ ಅಳೆದು ಕಳಿಸು, ಅಮ್ಮ ಸೀರೆ ಹೊಲಿಸಲು ಕಾಯುತ್ತಿದ್ದಾಳೆ. ಹಾಲಿನ ಉದ್ದಗಲವೂ ಬೇಕು, ಚಾಪೆ ಹೆಣೆಯುವವರಿಗೆ ಮಳೆ ಹಿಡಿಯುವ ಮೊದಲೇ ಹೇಳಬೇಕು. ಬೆಂಚಿನ ಹಲಗೆ ನಾನು ನೋಡಿ ಇಟ್ಟಿದ್ದೇನೆ, ರಾತ್ರಿ ಬಸ್ಸಿಗೆ ಹಾಕಿಸುತ್ತೇನೆ. ಇಂಟೀರಿಯರ್‌ನವರಿಗೆ ಮುಂಗಡ ಕೊಡುವ ಮೊದಲು ಒಮ್ಮೆ ಫೋನ್ ಮಾಡು, ಆ ಶೋಕೇಸಿನ ಸಾಲು ಹೊಡೆದುಹಾಕಿಸಿಯೇ ಕೊಡು.

ನಿನ್ನ,
ಅಪ್ಪಯ್ಯ