ಯಂತ್ರದ ಜೊತೆ ಕಸುಬನ್ನೂ ಕೊಡಿ

ಮಾನ್ಯ ಸಂಪಾದಕರೇ,

ಜುಲೈ ಬಂತೆಂದರೆ ರೋಟರಿ, ಲಯನ್ಸ್ ಕ್ಲಬ್‌ಗಳ ಪದಗ್ರಹಣದ ಫೋಟೊಗಳು ನಿಮ್ಮ ಜಿಲ್ಲಾ ಪುಟ ತುಂಬುತ್ತವೆ. ಬೆನ್ನಿಗೇ ಸರ್ಕಾರಿ ಶಾಲೆಗೆ ಕುಡಿಯುವ ನೀರು ಶುದ್ಧೀಕರಿಸುವ ಆರ್‌ಒ ಘಟಕದ ಕೊಡುಗೆ, ಶಾಲು, ಹಾರ. ಎರಡು ವರ್ಷ ಬಿಟ್ಟು ಹೋದರೆ ಆ ಘಟಕದ ಮೇಲೆ ಬಿಸಿಯೂಟದ ತಟ್ಟೆ ಜೋಡಿಸಿಟ್ಟಿರುವುದು ಅಪರೂಪವೇನಲ್ಲ. ಹಣವಿತ್ತು, ಮನಸ್ಸೂ ಇತ್ತು. ಕ್ಲಬ್ಬಿನೊಳಗೇ ಇದ್ದ ಕಸುಬುದಾರರನ್ನು ಮಾತ್ರ ಯಾರೂ ಕೇಳಿರಲಿಲ್ಲ.

1905ರಲ್ಲಿ ಶಿಕಾಗೊದಲ್ಲಿ ರೋಟರಿ ಹುಟ್ಟುಹಾಕಿದ ವಕೀಲ ಪಾಲ್ ಹ್ಯಾರಿಸ್ ಜೊತೆ ಮೊದಲು ಕೂತವರು ಒಬ್ಬ ಕಲ್ಲಿದ್ದಲು ವ್ಯಾಪಾರಿ, ಒಬ್ಬ ಗಣಿ ಎಂಜಿನಿಯರ್, ಒಬ್ಬ ದರ್ಜಿ. ಸಭೆ ಸರದಿಯಂತೆ ಒಬ್ಬೊಬ್ಬರ ಕಚೇರಿಯಲ್ಲಿ ನಡೆಯುತ್ತಿತ್ತು. ರೋಟರಿ ಎಂಬ ಹೆಸರು ಬಂದದ್ದೇ ಆ ಸರದಿಯಿಂದ. ಈಗ ಸಭೆ ಹೋಟೆಲಿನಲ್ಲಿ, ಕಸುಬು ವಿಸಿಟಿಂಗ್ ಕಾರ್ಡಿನಲ್ಲಿ.

ಆರ್‌ಒ ಕೊಡುವ ಮೊದಲು ಲ್ಯಾಬ್ ನಡೆಸುವ ಸದಸ್ಯರಿಂದ ನೀರಿನ ಪರೀಕ್ಷೆ ಮಾಡಿಸಿ. ಲೀಟರಿಗೆ ಟಿಡಿಎಸ್ (ಕರಗಿದ ಲವಣಾಂಶ) 500, ಫ್ಲೋರೈಡ್ 1, ನೈಟ್ರೇಟ್ 45 ಮಿಲಿಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ಆರ್‌ಒ ಬೇಕಿಲ್ಲ, ಫಿಲ್ಟರ್ ಜೊತೆ ಯುವಿ (ಅತಿನೇರಳೆ ಕಿರಣದ ದೀಪ) ಸಾಕು. ಮಲೆನಾಡಿನ ಮೆದು ಬಾವಿನೀರಿಗೆ ಆರ್‌ಒ ಹಾಕಿಸುವುದು ದಂಡ. ಪಾವಗಡದ ಕಡೆಯ ಫ್ಲೋರೈಡ್ ಕೊಳವೆಬಾವಿಗೆ ಬರೀ ಯುವಿ ಹಾಕಿಸಿದರೂ ಅಷ್ಟೇ; ಅದು ರೋಗಾಣು ಕೊಲ್ಲುತ್ತದೆ, ಫ್ಲೋರೈಡನ್ನು ಮುಟ್ಟುವುದಿಲ್ಲ. ಜೇಬಿನ ಟಿಡಿಎಸ್ ಮೀಟರ್ ನಂಬಿ ಕೂತರೂ ಮೋಸ, ಫ್ಲೋರೈಡ್ ಎಷ್ಟಿದೆಯೆಂದು ಅದು ಹೇಳುವುದಿಲ್ಲ.

ಘಟಕ ಕೆಡುವುದು ಹೆಚ್ಚಾಗಿ ಲವಣ ಸೋಸುವ ತೆಳು ಹಾಳೆಯಾದ ಮೆಂಬ್ರೇನಿನಲ್ಲಿ. ಗಡಸು ನೀರಿನ ಸುಣ್ಣದಂಶ ಅದರ ಮೇಲೆ ಪೊರೆ ಕಟ್ಟುತ್ತದೆ. ಅದನ್ನು ತಡೆಯುವ ಆ್ಯಂಟಿಸ್ಕೇಲೆಂಟ್ ಡಬ್ಬಿ ಖಾಲಿಯಾದದ್ದು, ಮರಳು ಫಿಲ್ಟರಿಗೆ ಬ್ಯಾಕ್‌ವಾಷ್ (ನೀರನ್ನು ಹಿಮ್ಮುಖ ಹರಿಸಿ ತೊಳೆಯುವುದು) ಮಾಡದೆ ವಾರಗಳು ಕಳೆದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಗೋಡೆಗೊಂದು ಕಾರ್ಡ್ ತೂಗುಹಾಕಿ, ತಿಂಗಳಿಗೊಮ್ಮೆ ಒಳಗೆ ಹೋಗುವ ಮತ್ತು ಹೊರಬರುವ ನೀರಿನ ಟಿಡಿಎಸ್ ಬರೆಸಿ. ಈ ಕೆಲಸಕ್ಕೆ ಜೇಬಿನ ಮೀಟರೇ ಸಾಕು. 1,200 ಹೋಗಿ 80 ಬರುತ್ತಿದ್ದದ್ದು 250ಕ್ಕೇರಿದರೆ ಮೆಂಬ್ರೇನ್ ಸೋತಿದೆ ಎಂದರ್ಥ. ನೀರಿನ ರುಚಿ ಕೆಡುವವರೆಗೆ ಕಾಯಬೇಕಿಲ್ಲ. ಬೇಸಿಗೆ ರಜೆಯಲ್ಲಿ ನೀರು ಒಳಗೇ ನಿಂತು ಪಾಚಿಗಟ್ಟುತ್ತದೆ. ಶಾಲೆ ತೆರೆಯುವ ಮುನ್ನ ಟ್ಯಾಂಕ್ ತೊಳೆದು, ಕಾರ್ಟ್ರಿಜ್ ಬದಲಿಸಿ, ಮೊದಲು ಬಂದ ನೀರನ್ನು ಚೆಲ್ಲಬೇಕು.

ಮಕ್ಕಳು ಒದ್ದೆ ಕೈಯಲ್ಲಿ ಸ್ಟೀಲ್ ನಲ್ಲಿ ಹಿಡಿಯುವ ಜಾಗವದು. ಸರಿಯಾದ ಅರ್ಥಿಂಗ್ ಮತ್ತು ಕರೆಂಟ್ ಸೋರಿದೊಡನೆ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇಲ್ಲದೆ ಸ್ವಿಚ್ ಒತ್ತಲು ಅತಿಥಿಗಳನ್ನು ಕರೆಯಬೇಡಿ. ವಿದ್ಯುತ್ ಗುತ್ತಿಗೆದಾರರಿಲ್ಲದ ಕ್ಲಬ್ ಎಲ್ಲಿದೆ? ವಕೀಲ ಸದಸ್ಯರು ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಜೊತೆ ಎರಡು ಪುಟದ ಕರಾರು ಬರೆದುಕೊಡಲಿ: ಕರೆಂಟ್ ಬಿಲ್ ಯಾರದು, ಬಿಡಿಭಾಗ ಯಾರದು, ಬೀಗದ ಕೈ ಯಾರ ಬಳಿ. ಮೂರು ವರ್ಷದ ನಿರ್ವಹಣೆ ಹಣವನ್ನು ಲೆಕ್ಕಪರಿಶೋಧಕರು ಮೊದಲೇ ಬೇರೆ ತೆಗೆದಿಡಲಿ.

ಇನ್ನು ಸ್ನೇಹದ ಮಾತು. ರಾತ್ರಿ ಹತ್ತಕ್ಕೆ ಫೋನ್ ಮಾಡಿದರೂ ಬೇಸರಿಸದೆ ಉತ್ತರಿಸುವ ಎಂಜಿನಿಯರ್ ಸಿಗುವುದು ಸ್ನೇಹದಿಂದಲೇ. ‘ನಮ್ಮವರದೇ ಕಂಪನಿ, ಕೊಟೇಶನ್ ಯಾಕೆ’ ಎಂದು ಕಣ್ಣು ಮುಚ್ಚಿ ಆರ್ಡರ್ ಕೊಡುವುದೂ ಅದೇ ಸ್ನೇಹದಿಂದ. ಯಂತ್ರ ಪೂರೈಸುವ ಸದಸ್ಯರು ಅದನ್ನು ಪರೀಕ್ಷಿಸಿ ಒಪ್ಪುವವರ ಗುಂಪಿನಲ್ಲಿ ಇರಕೂಡದು. ಇದನ್ನು ಮುಖ ನೋಡಿ ಹೇಳುವುದು ಕಷ್ಟ. ಹಾಗಾಗಿ ಯಾರ ಹೆಸರೂ ಚರ್ಚೆಗೆ ಬರುವ ಮೊದಲೇ, ವರ್ಷದ ಮೊದಲ ಸಭೆಯಲ್ಲೇ ನಿರ್ಣಯ ಬರೆದುಕೊಳ್ಳುವುದು ಲೇಸು.

ತಿಂಗಳಿಗೊಂದು ಸಭೆಯನ್ನಾದರೂ ಹೋಟೆಲಿನಿಂದ ಸದಸ್ಯರ ವರ್ಕ್‌ಶಾಪಿಗೆ, ಲ್ಯಾಬಿಗೆ, ಅಕ್ಕಿ ಗಿರಣಿಗೆ ಒಯ್ಯಬಹುದು. ಇಪ್ಪತ್ತು ನಿಮಿಷ ಕಸುಬಿನ ಮಾತು, ಹತ್ತು ನಿಮಿಷ ಪ್ರಶ್ನೆ, ಆಮೇಲೆ ಉಪ್ಪಿಟ್ಟು, ಕಾಫಿ. ಯಾರಿಗೆ ಏನು ಗೊತ್ತು ಎಂಬುದು ಅಲ್ಲಿ ತಿಳಿದಷ್ಟು ಹೋಟೆಲಿನ ಭಾಷಣದಲ್ಲಿ ತಿಳಿಯದು.

ತಮ್ಮಲ್ಲೂ ಒಂದು ಕೋರಿಕೆ. ಈ ಜುಲೈನ ಫೋಟೊ ಅಚ್ಚು ಹಾಕುವ ಮುನ್ನ, ಕಳೆದ ಜುಲೈನಲ್ಲಿ ಉದ್ಘಾಟನೆಯಾದ ಘಟಕದ ನಲ್ಲಿಯನ್ನು ಒಮ್ಮೆ ತಿರುಗಿಸಿ ನೋಡಲು ನಿಮ್ಮ ವರದಿಗಾರರಿಗೆ ಹೇಳಿ.

– ಸೇವಾ ಕ್ಲಬ್ಬಿನ ಸದಸ್ಯರು, ತುಮಕೂರು