ಕತ್ತರಿ, ಅಂಟು, ಸಾವಿರ ಕವರು: ಡಿಸ್ಕಾರ್ಡ್ ಬಳಗಕ್ಕೆ ನಮ್ಮ ವಂದನೆ

ಡಿಸ್ಕಾರ್ಡ್ ರೆಕಾರ್ಡ್ಸ್ ಎಂಬ ಚಿಕ್ಕ ಲೇಬಲ್ಲಿನ, ಅಂದರೆ ಹಾಡಿನ ತಟ್ಟೆ (ರೆಕಾರ್ಡು) ಹೊರತರುವ ಸಂಸ್ಥೆಯ, ಮೊದಲ ತಟ್ಟೆ ಹೊರಬಂದದ್ದು 1980ರ ಡಿಸೆಂಬರಿನಲ್ಲಿ. ಅದಕ್ಕೆ 45 ವರ್ಷ ತುಂಬಿದ ನೆಪದಲ್ಲಿ, ಆ ಲೇಬಲ್ಲಿನ ಊರಾದ ವಾಷಿಂಗ್ಟನ್ ಡಿ.ಸಿ.ಯ ಹಾರ್ಡ್‌ಕೋರ್ ಪಂಕ್ (ಪಂಕ್ ರಾಕಿನ ಇನ್ನೂ ವೇಗದ, ಒರಟು ರೂಪ) ಕೇಳುತ್ತ ಬೆಳೆದ ಕನ್ನಡಿಗರು ಕೆಲವರು ಸೇರಿ ಈ ವಂದನೆ ಬರೆಯುತ್ತಿದ್ದೇವೆ. ಆ ಹಾಡುಗಳ ಸಿಟ್ಟು, ವೇಗದ ಬಗ್ಗೆ ಹೇಳುವವರು ಬಹಳ ಮಂದಿ ಇದ್ದಾರೆ. ನಮ್ಮ ಋಣ ಇರುವುದು ಅದರ ಹಿಂದಿನ ಕೈಕೆಲಸಕ್ಕೆ.

ಮೊದಲು ಟೀನ್ ಐಡಲ್ಸ್ ಬ್ಯಾಂಡಿನ ಹುಡುಗರಿಗೆ. ಒಂದು ವರ್ಷದ ಶೋಗಳಲ್ಲಿ ಸಿಕ್ಕ ದುಡ್ಡನ್ನು ಹಂಚಿಕೊಳ್ಳದೆ ಒಂದು ಡಬ್ಬಿಯಲ್ಲಿ ಕೂಡಿಟ್ಟರು. ಕೊನೆಗೆ ಆದದ್ದು ಸುಮಾರು 600 ಡಾಲರ್. ಬ್ಯಾಂಡ್ ಮುರಿದಾಗ ಅದನ್ನು ಪಾಲು ಮಾಡಿದ್ದರೆ ತಲೆಗೆ ನೂರೈವತ್ತು ಬಂದು ಮುಗಿದುಹೋಗುತ್ತಿತ್ತು. ಮಾಡಿಟ್ಟ ರೆಕಾರ್ಡಿಂಗನ್ನು ಅದೇ ದುಡ್ಡಲ್ಲಿ 7 ಇಂಚಿನ ಸಾವಿರ ಪ್ರತಿ ಒತ್ತಿಸಿದರು. ಇಯಾನ್ ಮೆಕೈ, ಜೆಫ್ ನೆಲ್ಸನ್, ನೇಥನ್ ಸ್ಟ್ರೆಜ್ಸೆಕ್ ಸೇರಿ ಕಟ್ಟಿದ ಲೇಬಲ್ಲಿನ ಬಂಡವಾಳ ಅಷ್ಟೆ. ಮಾರಾಟದಿಂದ ಮರಳಿದ ಹಣ ಮುಂದಿನ ಬ್ಯಾಂಡಿನ ತಟ್ಟೆಗೆ ಹೋಯಿತು.

ರೆಕಾರ್ಡು ಒತ್ತಿಸುವ ದಾರಿ ತೋರಿಸಿದವರು ಮೇರಿಲ್ಯಾಂಡಿನ ರಾಕ್ವಿಲ್‌ನಲ್ಲಿ ಅಂಗಡಿ ಇಟ್ಟಿದ್ದ ಸ್ಕಿಪ್ ಗ್ರಾಫ್. 2019ರಲ್ಲಿ ತೀರಿಕೊಂಡ ಅವರಿಗೆ ಈ ವಂದನೆ ತಡವಾಗಿ ಸಲ್ಲುತ್ತಿದೆ. ಗೊತ್ತಿದ್ದವರು ಗೊತ್ತಿಲ್ಲದವರಿಗೆ ಯಾವ ಕಾರ್ಖಾನೆಗೆ ಬರೆಯಬೇಕು, ಏನು ಕೇಳಬೇಕು ಎಂದು ಹೇಳಿಕೊಡುವುದರಿಂದ ಎಷ್ಟು ತಪ್ಪು ತಪ್ಪುತ್ತದೆ ನೋಡಿ. ನಿಮಿಷಕ್ಕೆ 45 ಸುತ್ತು ತಿರುಗುವ 7 ಇಂಚಿನ ತಟ್ಟೆಯ ಒಂದು ಮಗ್ಗುಲಿಗೆ ನಾಲ್ಕೂವರೆ ನಿಮಿಷದವರೆಗೆ ತುಂಬಿದರೆ ಸದ್ದು ಗಟ್ಟಿಯಾಗಿ ಕೂರುತ್ತದೆ. ಅದಕ್ಕಿಂತ ಹೆಚ್ಚು ತುರುಕಿದರೆ ಗೆರೆಗಳು ಒತ್ತೊತ್ತಾಗುತ್ತವೆ, ಹಾಗಾಗಿ ಕೆತ್ತುವವರು ಸದ್ದನ್ನೇ ತಗ್ಗಿಸಬೇಕಾಗುತ್ತದೆ. ಬಾಸ್, ಅಂದರೆ ತಗ್ಗು ಶ್ರುತಿಯ ಸದ್ದು, ಮೊದಲು ಸೊರಗುತ್ತದೆ. ಮೆಕೈ, ನೆಲ್ಸನ್ ಇದ್ದ ಮುಂದಿನ ಬ್ಯಾಂಡ್ ಮೈನರ್ ಥ್ರೆಟ್‌ನ 1981ರ ಮೊದಲ ತಟ್ಟೆಯಲ್ಲಿ ಮಗ್ಗುಲಿಗೆ ನಾಲ್ಕರಂತೆ ಎಂಟು ಹಾಡು, ಎಲ್ಲ ಸೇರಿ ಸುಮಾರು 9 ನಿಮಿಷ. ಚಿಕ್ಕ ಹಾಡು ಚಿಕ್ಕ ತಟ್ಟೆಗೆ ಹೇಳಿ ಮಾಡಿಸಿದಂತೆ ಹೊಂದಿತು.

ಡಾನ್ ಝಿಯೆಂಟಾರಾ ಅವರಿಗೆ ಎಷ್ಟು ವಂದಿಸಿದರೂ ಸಾಲದು. ಆರ್ಲಿಂಗ್ಟನ್ನಿನ ತಮ್ಮ ಮನೆಯ ನೆಲಮಾಳಿಗೆಯಲ್ಲಿ ಇನ್ನರ್ ಇಯರ್ ಸ್ಟುಡಿಯೋ ನಡೆಸುತ್ತಿದ್ದ ಅವರು, ಸ್ಕೂಲು ಮುಗಿಸದ ಹುಡುಗರನ್ನು ಸಂಗೀತಗಾರರಂತೆಯೇ ಕೂರಿಸಿ ಟೇಪಿಗೆ ಇಳಿಸಿದರು. ನಾಲ್ಕು ಟ್ರ್ಯಾಕಿನ, ಅಂದರೆ ಟೇಪಿನ ಮೇಲೆ ನಾಲ್ಕೇ ಬೇರೆ ಬೇರೆ ಪಟ್ಟಿಗಳಲ್ಲಿ ಸದ್ದು ಹಿಡಿಯುವ ಯಂತ್ರದಲ್ಲಿ ಈ ಸಂಗೀತ ಹಿಡಿಯುವುದು ಸುಲಭವಲ್ಲ. ಡ್ರಮ್ಸಿಗೆ ಎಷ್ಟೇ ಮೈಕ್ ಇಟ್ಟರೂ ಎಲ್ಲವನ್ನೂ ಬೆರೆಸಿ ಒಂದೆರಡು ಟ್ರ್ಯಾಕಿಗೆ ಇಳಿಸಬೇಕು. ಒಮ್ಮೆ ಇಳಿಸಿದ ಮೇಲೆ ಸ್ನೇರ್ ಡ್ರಮ್ಮಿನ ಸದ್ದು ಕಮ್ಮಿಯಾಯಿತೆಂದು ಅದೊಂದನ್ನೇ ಎತ್ತಲು ಬರುವುದಿಲ್ಲ. ಚಿಕ್ಕ ಕೋಣೆಯಲ್ಲಿ ಗಿಟಾರಿನ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಹೊರಡಿಸುವ ಸದ್ದು ಡ್ರಮ್ಸಿನ ಮೈಕಿಗೂ ನುಗ್ಗುತ್ತದೆ. ಹಾಗಾಗಿ ಆಂಪಿನ ಸದ್ದು, ಅದರ ಮುಖ ತಿರುಗಿರುವ ದಿಕ್ಕು, ಮೈಕಿನ ದೂರ ಎಲ್ಲವೂ ರೆಕಾರ್ಡ್ ಗುಂಡಿ ಒತ್ತುವ ಮೊದಲೇ ಸರಿಯಾಗಬೇಕು. ಇನ್ನೊಂದು ಅಪಾಯ ಗಿಟಾರಿನ ಡಿಸ್ಟಾರ್ಷನ್, ಅಂದರೆ ಬೇಕೆಂದೇ ಒರಟಾಗಿಸಿದ ಸದ್ದು: ಸ್ಟೇಜಿನ ಮೇಲೆ ಚೆನ್ನಾಗಿ ಕೇಳುವಷ್ಟು ಏರಿಸಿದರೆ ಟೇಪಿನಲ್ಲಿ ಮೀಟು ಮೀಟಿನ ನಡುವಿನ ಅಂತರ ಅಳಿಸಿ ಬರೀ ಗುಂಯ್ ಎನ್ನುತ್ತದೆ. ಅದೇ ಊರಿನ ಬ್ಯಾಡ್ ಬ್ರೇನ್ಸ್ ಬ್ಯಾಂಡ್ 1979ರಲ್ಲಿ ಇದೇ ಇನ್ನರ್ ಇಯರಿನಲ್ಲಿ ಮಾಡಿದ ರೆಕಾರ್ಡಿಂಗ್ ಕೇಳಿ: ಅಷ್ಟು ವೇಗದಲ್ಲೂ ಒಂದೊಂದು ಏಟೂ ಬೇರೆ ಬೇರೆ. ಜಾಝ್ ಫ್ಯೂಷನ್ ನುಡಿಸಿ ಕೈ ಪಳಗಿದ್ದ ಆ ನಾಲ್ವರು ಕಪ್ಪು ಸಂಗೀತಗಾರರು ಇಡೀ ಊರಿಗೆ ಮಟ್ಟ ಹಾಕಿಕೊಟ್ಟರು. ಅವರಿಗೂ ಶರಣು.

ಇನ್ನು ಕವರು. ಹೊರಗೆ ಮಾಡಿಸಿದರೆ ದುಬಾರಿ. ಜೆಫ್ ನೆಲ್ಸನ್ ಒಂದು ವಿದೇಶಿ ಸಿಂಗಲ್ಲಿನ ಕವರನ್ನು ಅಂಟು ಬಿಡಿಸಿ ಚಪ್ಪಟೆ ಮಾಡಿ, ಅದರ ಅಂಚನ್ನು ಗೆರೆಯೆಳೆದು ಅಚ್ಚು ತೆಗೆದರು. ಊರಿನ ಪ್ರೆಸ್ಸಿನಲ್ಲಿ ದೊಡ್ಡ ಹಾಳೆಗೆ ಮುದ್ರಿಸಿ, ಗೆಳೆಯರೆಲ್ಲ ಕೂತು ಕತ್ತರಿಸಿ, ಮಡಿಸಿ, ಅಂಟಿಸಿದರು. ನೀವೂ ಮಾಡುವುದಾದರೆ: ತಟ್ಟೆ 7 ಇಂಚು ಎಂದು ಕವರನ್ನೂ ಸರಿಯಾಗಿ 7 ಇಂಚಿಗೆ ಕತ್ತರಿಸಬೇಡಿ, ಒಳಗೆ ಹೋಗುವುದಿಲ್ಲ, ಸುತ್ತ ಕಾಲು ಇಂಚಾದರೂ ಬಿಡಿ. ಮಡಿಸುವ ಮೊದಲು ಮೊಂಡು ಅಲಗಿನಿಂದ ಗೆರೆ ಎಳೆದುಕೊಳ್ಳಿ, ಇಲ್ಲದಿದ್ದರೆ ಮಡಿಕೆಯ ಮೇಲೆ ಶಾಯಿ ಬಿರಿಯುತ್ತದೆ. ಅಂಟನ್ನು ಕಿವಿಪಟ್ಟಿಗೆ (ಒಳಮಡಿಸಿ ಅಂಟಿಸುವ ಅಂಚಿಗೆ) ತೆಳ್ಳಗೆ ಸವರಿ. ನೀರಂಟು ಹೆಚ್ಚಾದರೆ ಕಾಗದ ಸುಕ್ಕುಗಟ್ಟುತ್ತದೆ, ಒಳಗೆ ಒಸರಿದರೆ ಕವರು ಮುಚ್ಚಿಕೊಂಡು ಕೂರುತ್ತದೆ. ಸಾವಿರ ಕವರೆಂದರೆ ನಾಲ್ಕೈದು ಜನರಿಗೆ ಹಲವು ರಾತ್ರಿಗಳ ಕೆಲಸ. ಆ ಕೈಗಳಲ್ಲಿ ಎಷ್ಟೋ ಕೈಗಳ ಹೆಸರು ಎಲ್ಲೂ ದಾಖಲಾಗಿಲ್ಲ. ನಮ್ಮ ಅತಿ ದೊಡ್ಡ ವಂದನೆ ಅವರಿಗೇ.

1983ರಲ್ಲಿ ಮಾರಾಟವೇ ಲೇಬಲ್ಲನ್ನು ಕಷ್ಟಕ್ಕೆ ತಂದಿತು. ಕಾರ್ಖಾನೆಗೆ ದುಡ್ಡು ಮುಂಗಡ ಕಟ್ಟಬೇಕು. ಸರಕು ಕೊಂಡ ವಿತರಕರು ಕೊಡುವುದು ತಿಂಗಳುಗಟ್ಟಲೆ ಆದ ಮೇಲೆ. ತಟ್ಟೆ ಖಾಲಿ, ಬೇಡಿಕೆ ಬಾಗಿಲಲ್ಲಿ, ಕೈಯಲ್ಲಿ ಕಾಸಿಲ್ಲ. ಚಿಕ್ಕ ಲೇಬಲ್ಲುಗಳು ಸಾಯುವುದು ಹೆಚ್ಚಾಗಿ ಇಲ್ಲೇ. ಆಗ ಲಂಡನ್ನಿನ ಸದರ್ನ್ ಸ್ಟುಡಿಯೋಸ್‌ನ ಜಾನ್ ಲೋಡರ್ ಸಾಲದ ಮೇಲೆ ತಟ್ಟೆ ಒತ್ತಿಸಿಕೊಟ್ಟರು. 2005ರಲ್ಲಿ ಅಗಲಿದ ಅವರ ಈ ಉಪಕಾರ ಇಲ್ಲದಿದ್ದರೆ ಮುಂದಿನ ಎಷ್ಟೋ ರೆಕಾರ್ಡುಗಳು ಬರುತ್ತಲೇ ಇರಲಿಲ್ಲವೆಂದು ನಾವು ನಂಬಿದ್ದೇವೆ.

ಬ್ಯಾಂಡುಗಳ ಜತೆ ಕರಾರುಪತ್ರವಿಲ್ಲದೆ, ಖರ್ಚು ಕಳೆದು ಉಳಿದದ್ದನ್ನು ಅರ್ಧರ್ಧ ಹಂಚಿಕೊಂಡು ಬಂದದ್ದಕ್ಕೆ ವಂದನೆ. ಬಾಗಿಲಲ್ಲಿ ಚಿಕ್ಕವರ ಕೈಮೇಲೆ ಮಾರ್ಕರಿನಿಂದ ದೊಡ್ಡದಾಗಿ ಎಕ್ಸ್ ಬರೆದರೆ ಅವರಿಗೆ ಕುಡಿಯಲು ಕೊಡಬಾರದೆಂದು ಕೌಂಟರಿನವರಿಗೆ ಗೊತ್ತಾಗುತ್ತದೆ, ಹಾಗಾಗಿ ಒಳಗೆ ಬಿಡಬಹುದು ಎಂಬ ಸ್ಯಾನ್ ಫ್ರಾನ್ಸಿಸ್ಕೋದ ಉಪಾಯವನ್ನು ತಮ್ಮೂರಿಗೆ ತಂದದ್ದಕ್ಕೂ.

ಕೊನೆಯದಾಗಿ, ಮೆಕೈ ಮುಂದೆ ಕಟ್ಟಿದ ಫುಗಾಝಿ ಬ್ಯಾಂಡಿನ ಶೋಗಳಲ್ಲಿ ಮಿಕ್ಸರ್ ಹಿಂದೆ ನಿಂತವರಿಗೆ. ಹಾಡುವವರು ಮೈಕನ್ನು ಜನರತ್ತ ಚಾಚಿದಾಗ ಯಾರಾದರೂ ಅದರ ತಲೆಯನ್ನು ಮುಷ್ಟಿಯಲ್ಲಿ ಹಿಡಿದರೆ, ಹಿಂಬದಿಯ ಸದ್ದನ್ನು ತಡೆಯುವ ಕಿಂಡಿಗಳು ಮುಚ್ಚಿ ಮೈಕ್ ಎಲ್ಲ ದಿಕ್ಕಿನಿಂದಲೂ ಎಳೆದುಕೊಳ್ಳುತ್ತದೆ. ಮರುಗಳಿಗೆಯೇ ಕುಂಯ್ ಎಂಬ ಫೀಡ್‌ಬ್ಯಾಕು. ಅದನ್ನೆಲ್ಲ ಸಂಭಾಳಿಸುತ್ತಲೇ ಅವರು ನೂರಾರು ಶೋಗಳನ್ನು ಟೇಪಿಗೆ ಹಿಡಿದಿಟ್ಟರು. 2011ರಿಂದ ಅವನ್ನು ಒಂದೊಂದಾಗಿ ಕೇಳುಗರಿಗೆ ಬಿಟ್ಟಾಗ ಸೂಚಿಸಿದ ಬೆಲೆ ಶೋಗೆ 5 ಡಾಲರ್, ಅಂದು ಬಾಗಿಲಲ್ಲಿ ತೆಗೆದುಕೊಳ್ಳುತ್ತಿದ್ದಷ್ಟೇ.