ನಮ್ಮ ಲೈನಿಗೆ ಬಂದು ಕೂತ್ಕೊಳ್ಳಿ: ಶಾಸಕರಿಗೆ ತೋಟ ಕಾರ್ಮಿಕಳ ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ ಸಾರ್. ನಾನು ಚಿಕ್ಕಮಗಳೂರು ಜಿಲ್ಲೆಯ ಒಂದು ಕಾಫಿ ತೋಟದಲ್ಲಿ 26 ವರ್ಷದಿಂದ ದುಡಿಯುತ್ತಿರುವ ಹೆಂಗಸು. ನನಗಿಂತ ಮೊದಲು ನಮ್ಮವ್ವ ಇದೇ ತೋಟದಲ್ಲಿ ಕಳೆ ತೆಗೆದು, ಹಣ್ಣು ಕುಯ್ದು ಮುದುಕಿಯಾದರು. ನಾನು ಹೇಳುತ್ತಾ ಹೋದೆ, ಪಿಯುಸಿ ಓದುವ ಮಗಳು ಬರೆದುಕೊಂಡಳು. ತೋಟದ ಹೆಸರು ಇಲ್ಲಿ ಹಾಕಿಲ್ಲ. ನಿಮಗೆ ಕೊಟ್ಟ ಮೂರು ಅರ್ಜಿಯಲ್ಲಿ ಅದು ಇದೆ.

2025ರ ಜುಲೈ 21ಕ್ಕೆ, ಕೇರಳದ ಮುಖ್ಯಮಂತ್ರಿಯಾಗಿದ್ದ ವಿ.ಎಸ್. ಅಚ್ಯುತಾನಂದನ್ ತೀರಿಕೊಂಡರು. ನೀವು ಅವರ ಫೋಟೋ ಫೇಸ್‌ಬುಕ್‌ನಲ್ಲಿ ಹಾಕಿ, ದುಡಿಯುವವರ ನಾಯಕ, ನಮಗೆಲ್ಲ ದಾರಿ ತೋರಿಸಿದವರು ಅಂತ ಬರೆದಿದ್ದಿರಿ. ಮಗಳು ಓದಿ ಹೇಳಿದಳು. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಒಂದು ವರ್ಷದಿಂದ ನುಂಗಿಕೊಂಡಿದ್ದನ್ನು ಇನ್ನು ನುಂಗೋಕೆ ಆಗಲ್ಲ ಅನ್ನಿಸಿತು.

2024ರ ಜುಲೈನಲ್ಲಿ ಮಳೆ ಹೇಗಿತ್ತು ನಿಮಗೆ ಗೊತ್ತು. ನಮ್ಮ ಲೈನಿನಲ್ಲಿ, ಅಂದರೆ ತೋಟದವರು ಕೊಟ್ಟ ಸಾಲುಮನೆಗಳಲ್ಲಿ, ಮೂರು ದಿನದಿಂದ ಕರೆಂಟ್ ಇರಲಿಲ್ಲ. ರಾತ್ರಿ ಎರಡು ಗಂಟೆ ಇರಬಹುದು, ಅಡುಗೆ ಕೋಣೆಯ ಗೋಡೆ ಒಳಕ್ಕೆ ಕುಸಿಯಿತು. ಅವ್ವ ಒಲೆಯ ಬಿಸಿಗೆ ಅಂತ ಅಲ್ಲೇ ಮಲಗುತ್ತಿದ್ದರು. ಮಣ್ಣು, ಇಟ್ಟಿಗೆ ಎಲ್ಲ ಅವರ ಕಾಲಿನ ಮೇಲೆ. ನಾನು ಕೂಗಿದ್ದು ಮಳೆಯ ಸದ್ದಿಗೆ ಪಕ್ಕದ ಮನೆಗೂ ಕೇಳಲಿಲ್ಲ. ಕತ್ತಲಲ್ಲಿ ಕೈಯಿಂದಲೇ ಮಣ್ಣು ಬಗೆದೆವು. ಮೊಣಕಾಲಿನ ಕೆಳಗೆ ಮೂಳೆ ಮುರಿದಿತ್ತು. ದಾರಿಗೆ ಮರ ಬಿದ್ದಿದ್ದರಿಂದ ಜೀಪ್ ಒಳಗೆ ಬರಲಿಲ್ಲ. ಕಂಬಳಿಯಲ್ಲಿ ಮಲಗಿಸಿ ನಾಲ್ಕು ಜನ ಟಾರ್ ರೋಡಿನವರೆಗೆ ಹೊತ್ತರು. ಹಾಸನದ ಆಸ್ಪತ್ರೆ ಮುಟ್ಟುವಾಗ ಬೆಳಗಾಗಿತ್ತು. ಆಪರೇಷನ್‌ಗೆ ನನ್ನ ಓಲೆ, ಸರ ಎರಡೂ ಅಡವಿಟ್ಟೆ. ಇವತ್ತಿಗೂ ಬಿಡಿಸಿಲ್ಲ.

ಆ ಗೋಡೆ ಬಿರುಕು ಬಿಟ್ಟು ಎರಡು ಮಳೆಗಾಲ ಆಗಿತ್ತು ಸಾರ್. ಮೇಸ್ತ್ರಿಗೆ ಹೇಳಿದೆ, ತೋಟದ ಲೆಕ್ಕ ಬರೆಯುವ ರೈಟರಿಗೆ ಹೇಳಿದೆ, ಬರೆದೂ ಕೊಟ್ಟೆ.

ಆಸ್ಪತ್ರೆಯಿಂದ ವಾಪಸ್ ಬಂದಾಗ ಗೋಡೆ ಇದ್ದ ಜಾಗಕ್ಕೆ ನೀಲಿ ಟಾರ್ಪಾಲು ಕಟ್ಟಿದ್ದರು. ಆ ವಾರದ ಬಟವಾಡೆಯಲ್ಲಿ ನನ್ನ ಕೂಲಿ 1,150 ರೂಪಾಯಿ ಕಡಿಮೆ ಬಂತು. ಯಾಕೆ ಅಂತ ಕೇಳಿದೆ. ರೈಟರು ಪುಸ್ತಕ ತಿರುಗಿಸಿ ತೋರಿಸಿದರು: ಟಾರ್ಪಾಲು, 1,150. ಅವರ ಗೋಡೆ ಬಿದ್ದು ನಮ್ಮವ್ವನ ಕಾಲು ಮುರಿಯಿತು. ಅದನ್ನು ಮುಚ್ಚಿದ ಟಾರ್ಪಾಲಿನ ದುಡ್ಡು ನನ್ನ ಕೂಲಿಯಲ್ಲಿ ಹಿಡಿದರು! ಇದನ್ನು ನಾನು ಎಷ್ಟು ಜನಕ್ಕೆ ಹೇಳಿದೀನೋ ಲೆಕ್ಕ ಇಲ್ಲ. ಪ್ರತಿ ಸಲ ಹೇಳುವಾಗಲೂ ಕೈ ನಡುಗುತ್ತದೆ.

ಕಾನೂನು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಗೋಡೆ ಬಿದ್ದಾಗ ಜಾರಿಯಲ್ಲಿದ್ದ 1951ರ ತೋಟ ಕಾರ್ಮಿಕರ ಕಾಯ್ದೆ ನಿಮಗೆ ಗೊತ್ತು. ಮನೆ ಕೊಡುವುದು ಮಾಲೀಕರ ಹೊಣೆ. ಅವರು ಕೊಟ್ಟ ಮನೆ ಕುಸಿದು ಕಾರ್ಮಿಕರಿಗೋ ಮನೆಯವರಿಗೋ ಪೆಟ್ಟಾದರೆ ಪರಿಹಾರ ಕೊಡಬೇಕು ಅಂತ ಅದಕ್ಕೆ 1981ರ ತಿದ್ದುಪಡಿಯಲ್ಲೇ ಸೇರಿಸಿದ್ದರು. ಪ್ರಕೃತಿ ವಿಕೋಪ ಆದರೆ ಮಾತ್ರ ಇಲ್ಲ, ಅಥವಾ ಮನೆಯಲ್ಲಿದ್ದವರದ್ದೇ ತಪ್ಪಾದರೆ ಇಲ್ಲ. ತೋಟದವರು ಹಿಡಿದುಕೊಂಡಿರುವುದು ಇದೇ ಮಾತನ್ನು. ಮಳೆ ಬಂತು, ಗೋಡೆ ಬಿತ್ತು, ನಾವೇನು ಮಾಡೋಣ ಅಂತಾರೆ. ಮಲೆನಾಡಿಗೆ ಆಷಾಢದ ಮಳೆ ಹೊಸದಾ? ಅದೇ ಮಳೆಗೆ ಬಂಗಲೆಯ ಒಂದು ಹೆಂಚೂ ಜಾರಲಿಲ್ಲ. ಬಿದ್ದದ್ದು ರಿಪೇರಿ ಮಾಡದೆ ಬಿಟ್ಟ ಗೋಡೆ. ಕಾಫಿಗೆ ಹಿಂದೆಂದೂ ಇಲ್ಲದ ಬೆಲೆ ಬಂದ ವರ್ಷವೂ ಆ ಟಾರ್ಪಾಲು ಹಾಗೇ ಇದೆ.

ನಿಮ್ಮ ಕಚೇರಿಗೆ ಮೂರು ಸಲ ಬಂದೆ. ಒಂದೊಂದು ಸಲಕ್ಕೂ ಒಂದು ದಿನದ ಕೂಲಿ ಹೋಗುತ್ತದೆ. ಸಾಹೇಬರು ಮೀಟಿಂಗ್‌ನಲ್ಲಿದ್ದಾರೆ, ಅರ್ಜಿ ಇಟ್ಟು ಹೋಗಿ ಅಂದರು. ಸಂಘದ ಮುಖಂಡರೂ ನೋಡೋಣ ಅಂದರು. ಎಲ್ಲರೂ ನೋಡೋಣ ಅನ್ನುವವರೇ. ನೋಡೋಕೆ ಮಾತ್ರ ಯಾರೂ ಬರಲಿಲ್ಲ.

ಅದಕ್ಕೇ ವಿ.ಎಸ್. ಅವರ ವಿಷಯ ತೆಗೆದೆ. ನೀವು ಅವರ ಹೆಸರು ಹೇಳಿದ ಮೇಲೆ ನಾನೂ ಹೇಳಬಹುದು ಅಲ್ವಾ?

ನಮ್ಮ ಲೈನಿನ ತಮಿಳು ಅಕ್ಕನ ತಂಗಿ ಕೇರಳದ ಮುನ್ನಾರಿನ ಟೀ ತೋಟದಲ್ಲಿ ಎಲೆ ಕೀಳುತ್ತಿದ್ದವಳು. 2015ರ ಸೆಪ್ಟೆಂಬರ್‌ನಲ್ಲಿ ಅಲ್ಲಿ ಸಾವಿರಾರು ಹೆಂಗಸರು ರೋಡಿನಲ್ಲಿ ಕೂತಿದ್ದರು. ಆಗ ಅವರ ದಿನದ ಕೂಲಿ 232 ರೂಪಾಯಿ. ಕಂಪನಿ ಬೋನಸ್ಸನ್ನು ಶೇಕಡಾ 20ರಿಂದ 10ಕ್ಕೆ ಇಳಿಸಿತ್ತು. ಅವರಿಗೆ ಕಂಪನಿಯ ಮೇಲೆ ಎಷ್ಟು ಸಿಟ್ಟಿತ್ತೋ ಯೂನಿಯನ್ ನಾಯಕರ ಮೇಲೂ ಅಷ್ಟೇ ಸಿಟ್ಟಿತ್ತು. ಬಂದ ರಾಜಕಾರಣಿಗಳನ್ನು ವಾಪಸ್ ಕಳಿಸಿದರು. ಆದರೆ ವಿ.ಎಸ್. ಬಂದಾಗ ಜಾಗ ಮಾಡಿಕೊಟ್ಟರು. ಆಗ ಅವರು ವಿರೋಧ ಪಕ್ಷದ ನಾಯಕ, 92 ತುಂಬೋಕೆ ಒಂದೇ ತಿಂಗಳು ಬಾಕಿ. ಭಾಷಣ ಮಾಡಿ ಹೊರಟುಹೋಗಲಿಲ್ಲ. ಇತ್ಯರ್ಥ ಆಗುವವರೆಗೂ ಆ ಹೆಂಗಸರ ಜೊತೆ ಕೂತರು. ಅವತ್ತೇ ಶೇಕಡಾ 20ಕ್ಕೆ ಒಪ್ಪಂದ ಆಯಿತು. ಕೂಲಿ ಜಾಸ್ತಿ ಮಾಡುವ ಮಾತು ಮುಂದಕ್ಕೆ ಹೋಯಿತು, ಅದು ನಿಜ. ಹೋರಾಟ ಗೆದ್ದದ್ದೂ ಆ ಹೆಂಗಸರೇ. ಆದರೂ ಆ ಅಕ್ಕ ಇವತ್ತಿಗೂ ಹೇಳುವುದು ಒಂದೇ ಮಾತು: ಅವರು ಬಂದು ಕೂತರು.

ಯಾಕೆ ಕೂತರು ಅಂತ ನಾನು ಯೋಚನೆ ಮಾಡಿದೀನಿ. ಅವರೂ ನಮ್ಮಂಥವರೇ. 1923ರಲ್ಲಿ ಆಲಪ್ಪುಳದ ಪುನ್ನಪ್ರದಲ್ಲಿ ಹುಟ್ಟಿದವರು. ನಾಲ್ಕು ವರ್ಷಕ್ಕೆ ತಾಯಿ ಹೋದರು, ಹನ್ನೊಂದಕ್ಕೆ ತಂದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಅಣ್ಣನ ಟೈಲರ್ ಅಂಗಡಿಗೆ ಸೇರಿದರು, ಆಮೇಲೆ ತೆಂಗಿನ ನಾರಿನ ಕಾರ್ಖಾನೆಗೆ. ಅಲ್ಲೇ ಯೂನಿಯನ್ ಕೆಲಸ ಶುರು ಮಾಡಿದ್ದು. ಕಮ್ಯುನಿಸ್ಟ್ ನಾಯಕ ಪಿ. ಕೃಷ್ಣ ಪಿಳ್ಳೆಯವರು ವಿ.ಎಸ್. ಅವರನ್ನು ಕುಟ್ಟನಾಡಿಗೆ ಕಳಿಸಿದರು, ಭತ್ತದ ಗದ್ದೆಯ ಕೂಲಿಗಳನ್ನು ಒಟ್ಟು ಮಾಡೋಕೆ. ಕೆಸರಿನಲ್ಲಿ ನಿಂತು ದುಡಿಯುವವರ ಗುಡಿಸಲಿಗೇ ಹೋಗಿ ಮಾತಾಡಿಸಬೇಕಿತ್ತು. 1946ರಲ್ಲಿ ದುಡಿಯುವವರು ತಿರುವಾಂಕೂರಿನ ಸರ್ಕಾರದ ವಿರುದ್ಧ ಎದ್ದ ಪುನ್ನಪ್ರ-ವಯಲಾರ್ ಹೋರಾಟದ ಹೊತ್ತಿಗೆ ಪೊಲೀಸರು ಹಿಡಿದು ಪಾದಕ್ಕೆ ಬಯೊನೆಟ್ ಚುಚ್ಚಿದರು. ಅದೇ ಕಾಲಿನಲ್ಲಿ ನಡೆದು 1967ರಲ್ಲಿ ಶಾಸಕರಾದರು, 2006ರಲ್ಲಿ 82ನೇ ವಯಸ್ಸಿಗೆ ಮುಖ್ಯಮಂತ್ರಿಯಾದರು. ತೀರಿಕೊಂಡಾಗ 101 ವರ್ಷ. ತಿರುವನಂತಪುರದಿಂದ ಆಲಪ್ಪುಳಕ್ಕೆ ಅವರನ್ನು ತರುವಾಗ ಜನ ರಾತ್ರಿಯಿಡೀ ಮಳೆಯಲ್ಲಿ ರೋಡಿನ ಬದಿ ಕಾದು ನಿಂತಿದ್ದನ್ನು ಟಿವಿಯಲ್ಲಿ ನೋಡಿದೆ. ನಮ್ಮವ್ವನೂ ನೋಡಿದರು, ಕಾಲು ಚಾಚಿಕೊಂಡು.

ಅವರು ಯಾವ ಪಕ್ಷ, ನೀವು ಯಾವ ಪಕ್ಷ ಅನ್ನುವುದು ನನಗೆ ಬೇಡ. ನನಗೆ ಬೇಕಾದ್ದು ಇಷ್ಟೇ. ನಮ್ಮ ಲೈನಿಗೆ ಬನ್ನಿ. ಗೋಡೆ ಇದ್ದ ಜಾಗ ನೋಡಿ. ತೋಟದವರನ್ನೂ ಕಾರ್ಮಿಕ ಇಲಾಖೆಯವರನ್ನೂ ಅಲ್ಲಿಗೇ ಕರೆಸಿ. ಅವ್ವನ ಕಾಲಿಗೆ ಪರಿಹಾರ, ಗೋಡೆ, ನನ್ನ ಕೂಲಿಯಲ್ಲಿ ಹಿಡಿದ 1,150 ರೂಪಾಯಿ, ಇದು ತೀರ್ಮಾನ ಆಗುವವರೆಗೆ ಕೂತ್ಕೊಳ್ಳಿ. ಫೋನ್ ಮಾಡಿ ಹೇಳ್ತೀನಿ ಅನ್ನಬೇಡಿ. ಪಿಎ ಅವರನ್ನು ಕಳಿಸಬೇಡಿ. ನೀವೇ ಬನ್ನಿ. ನಮ್ಮ ಲೈನಿನಲ್ಲಿ ಹನ್ನೆರಡು ಮನೆ ಇವೆ. ಇನ್ನೂ ನಾಲ್ಕರ ಗೋಡೆ ಬಿರುಕು ಬಿಟ್ಟಿದೆ, ಒಂದರಲ್ಲಿ ಎಂಟು ತಿಂಗಳ ಮಗು ಇದೆ. ಇನ್ನೊಂದು ಅರ್ಜಿ ನಾನು ಬರೆಯಲ್ಲ ಸಾರ್, ನೀವು ಬಂದು ಕೂತ್ಕೊಳ್ಳಿ.

ಭಾನುವಾರ ನಮಗೆ ರಜ, ಎಲ್ಲರೂ ಮನೆಯಲ್ಲೇ ಇರ್ತೀವಿ. ಗೇಟಿನವರೆಗೆ ಕಾರು ಬರುತ್ತದೆ, ಅಲ್ಲಿಂದ ನಡೀಬೇಕು. ಜಿಗಣೆ ಇದೆ, ಸುಣ್ಣ ಹೊಗೆಸೊಪ್ಪು ಹಚ್ಚಿಕೊಂಡರೆ ಆಯಿತು. ಬಿಸಿಲು ಬರಲಿ ಅಂತ ಕಾಯಬೇಡಿ. ಮಳೆ ಇರುವಾಗಲೇ ಬನ್ನಿ.

ಇಂತಿ,
ನಿಮಗೆ ಮತ ಹಾಕಿದ ಒಬ್ಬ ತೋಟ ಕಾರ್ಮಿಕಳು
ಚಿಕ್ಕಮಗಳೂರು ಜಿಲ್ಲೆ